ಗಿಡ್ಡ ರಿವಾಲ್ವರಿಗೆ ಗುಂಡು

ಶನಿವಾರ ಮಧ್ಯಾಹ್ನ ಒಂದೂವರೆಗೆ ಈಶ್ವರ್ ಅಂಗಡಿಯ ಶಟರನ್ನು ಅರ್ಧ ಎಳೆದಿದ್ದ. ಇನ್ನರ್ಧ ಎಳೆದುಬಿಟ್ಟಿದ್ದರೆ ಅವನ ದಿನ ನೆಟ್ಟಗಿರುತ್ತಿತ್ತು. ಅಷ್ಟರಲ್ಲಿ ಶಟರಿನ ಕೆಳಗೆ ಮೂರು ಜೊತೆ ಕಾಲು ಬಂದು ನಿಂತವು.

ಹೊಸಪೇಟೆಯ ಆ ಬಂದೂಕಿನ ಅಂಗಡಿಯಲ್ಲಿ ಈಶ್ವರ್ ಒಂಬತ್ತು ವರ್ಷದಿಂದ ಗುಮಾಸ್ತ. ಗುಂಡುಗಳ ವಿಷಯದಲ್ಲಿ ಪಂಡಿತ. ದೀಪಾವಳಿಯ ಪಟಾಕಿಗೆ ಮಾತ್ರ ಕಿವಿ ಮುಚ್ಚಿಕೊಳ್ಳುವ ಪ್ರಾಣಿ. ವಯಸ್ಸು ಮೂವತ್ತಮೂರಾದರೂ ಮದುವೆಯಿಲ್ಲ. 'ಬಂದೂಕಿನ ಅಂಗಡಿ' ಎಂದ ಕೂಡಲೇ ಹೆಣ್ಣಿನ ಕಡೆಯವರು ಜಾರಿಕೊಳ್ಳುತ್ತಿದ್ದರು. ಈ ಸಲ ಸೋದರತ್ತೆ ನಿಂಗಕ್ಕ ಜಾಣತನ ಮಾಡಿ, "ಹುಡುಗ ಹೊಸಪ್ಯಾಟ್ಯಾಗ ಅಂಗಡ್ಯಾಗ ಅದಾನ" ಎಂದಷ್ಟೇ ಹೇಳಿ, ಕಂಪ್ಲಿಯಲ್ಲಿ ದುರ್ಗಾ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದಳು. ನಾಲ್ಕು ಗಂಟೆಗೆ ಹೆಣ್ಣು ನೋಡುವ ಶಾಸ್ತ್ರ. ನಿಂಗಕ್ಕ ಬೆಳಿಗ್ಗೆಯೇ ಹೋಗಿ ಅವರ ಮನೆಯಲ್ಲಿ ಠಿಕಾಣಿ ಹೂಡಿದ್ದಳು. ಈಶ್ವರ್ ಹೊಸ ನೀಲಿ ಅಂಗಿ ತೊಟ್ಟು ಎರಡರ ಬಸ್ಸಿಗೆ ತಯಾರಾಗಿದ್ದ.

"ಬಾಗಿಲಾ ಹಾಕಬ್ಯಾಡ ತಮ್ಮಾ, ಎರಡು ನಿಮಿಷದ ಕೆಲಸ" ಎಂದು ಶಟರಿನಡಿ ಬಗ್ಗಿ ಒಳಬಂದವನು ಬಂಡ್ರಿಯ ಉಚ್ಚೆಂಗಪ್ಪ. ಅದಿರಿನ ಲಾರಿಗಳ ಮಾಲೀಕ, ಬಾಗಿಲಿನಷ್ಟು ಅಗಲ. ಹಿಂದೆ ಹೆಂಡತಿ ಎರ್ರಮ್ಮ, ಅವಳ ಹಿಂದೆ ಉಚ್ಚೆಂಗಪ್ಪನ ಎಂಬತ್ತು ದಾಟಿದ ತಾಯಿ ಜಂಬವ್ವ. ಎರಡು ವರ್ಷ ಅಲೆದಾಡಿ ಪಡೆದ ಲೈಸೆನ್ಸನ್ನೂ ರಿವಾಲ್ವರನ್ನೂ ಉಚ್ಚೆಂಗಪ್ಪ ಗಾಜಿನ ಮೇಜಿನ ಮೇಲಿಟ್ಟ. ರಿವಾಲ್ವರ್ ಅಂಗೈಯಲ್ಲಿ ಅಡಗುವಷ್ಟು ಗಿಡ್ಡ. ನಳಿಗೆ ಎರಡೇ ಇಂಚು.

"ಇದಕ್ಕ ಒಳ್ಳೆ ಗುಂಡು ತೋರ್ಸು."

ಈಶ್ವರ್ ಮೂರು ತರದ್ದು ತೆಗೆದಿಟ್ಟ. ಒಂದರ ತುದಿ ದುಂಡಗೆ, ಒಂದರ ತುದಿಯಲ್ಲಿ ತಗ್ಗು, ಇನ್ನೊಂದರ ತುದಿ ಚಪ್ಪಟೆ. ಎರ್ರಮ್ಮ ಪೀತಾಂಬರ ಆರಿಸುವವಳಂತೆ ಒಂದೊಂದನ್ನೇ ಬೆಳಕಿಗೆ ಹಿಡಿದಳು. "ಇದ್ರಾಗ ಬ್ಯಾರೆ ಬಣ್ಣ ಇಲ್ಲೇನ್ರಿ? ಇದು ಭಾಳ ಮಂಕೈತಿ." ಜಂಬವ್ವ ಒಂದನ್ನು ಅಂಗೈಯಲ್ಲಿ ತೂಗಿ, "ಹಗುರೈತೋ ಯಪ್ಪಾ, ಇದೆಲ್ಲಿ ತಡೀತೈತಿ!" ಎಂದಳು.

ಉಚ್ಚೆಂಗಪ್ಪ ತಗ್ಗಿನದನ್ನು ಹಿಡಿದುಕೊಂಡ. "ಮೊಬೈಲ್ನಾಗ ನೋಡೀನಿ. ಇದು ಮೈಯಾಗ ಹೋಗಿ ಹೂವಿನಂಗ ಅರಳತೈತಂತ."

"ಅರಳಾಕ ವೇಗ ಬೇಕ್ರಿ. ಎರಡಿಂಚಿನ ನಳಿಗ್ಯಾಗ ಗುಂಡಿಗೆ ಓಡಾಕ ಜಾಗ ಎಲ್ಲೈತಿ? ಎದುರಿನವನ ಅಂಗಿ ಬಟ್ಟಿ ಆ ತಗ್ಗಿನಾಗ ತುಂಬಿಕೊಂಡ್ರ, ಅರಳದಂಗ ಸಾದಾ ಗುಂಡಿನಂಗ ಹೋಗತೈತಿ."

"ಹಂಗಾರ ಮದ್ದು ಜಾಸ್ತಿ ಇರಾದು ಕೊಡು."

"ಅರ್ಧ ಮದ್ದು ನಳಿಗಿ ಹೊರಗ ಬಂದು ಉರೀತೈತ್ರಿ. ಕಣ್ಣಿಗೆ ಕತ್ತಲಿ, ಕೈಗೆ ಒದಿ. ಎರಡನೇ ಗುಂಡು ನಿಮ್ಮನಿ ಮಾಳಗಿಗೆ ಬೀಳತೈತಿ. ನನ್ನ ಮಾತು ಕೇಳ್ರಿ, ಈ ಚಪ್ಪಟಿದು ತಗೊಳ್ರಿ. ಒದಿಯಂಗಿಲ್ಲ, ಗುರಿ ತಪ್ಪಂಗಿಲ್ಲ. ಏಳೆಂಟು ಹೆಜ್ಜಿಯೊಳಗ ಇದ ಸಾಕು."

ಇಷ್ಟಕ್ಕೆ ಮುಗಿಯಲಿಲ್ಲ. ಉಚ್ಚೆಂಗಪ್ಪ ಬಂಡ್ರಿಯ ಮೂವರು ಗೆಳೆಯರಿಗೆ ಫೋನು ಹಚ್ಚಿದ. ಮೂವರೂ ಮೂರು ಬೇರೆ ಗುಂಡು ಹೇಳಿದರು. ಎರ್ರಮ್ಮ, "ಮೊದಲಿಂದು ಇನ್ನೊಮ್ಮಿ ತೋರಸ್ರಿ" ಎಂದಳು. ಎರಡರ ಬಸ್ಸು ಹೋಯಿತು. ಎರಡೂವರೆಯದೂ ಹೋಯಿತು. ಈಶ್ವರ್ ಶಟರಿನ ಬೀಗ ಕೈಗೆತ್ತಿಕೊಂಡ. ಹೆಣ್ಣು ನೋಡಲು ಹೊರಟಿದ್ದೇನೆ ಎಂದರೆ ಇವರು ಅದಕ್ಕೂ ಒಂದು ತಾಸು ಸಲಹೆ ಕೊಟ್ಟಾರೆಂದು ಹೆದರಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಅಣ್ಣಾರೇ, ಕಂಪ್ಲ್ಯಾಗ ನಮ್ಮ ಸೋದರತ್ತಿ ತೀರಿಕೊಂಡಾಳ್ರಿ. ಮಣ್ಣಿಗೆ ಹೋಗಬೇಕು."

"ಯಾರಪ್ಪಾ? ಹೆಸರೇನು?"

"ನಿಂಗಕ್ಕ."

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ನಾಲಿಗೆಗೆ ಮೊದಲು ಸಿಕ್ಕ ಹೆಸರು ಅದೇ.

ಮೂವರ ಮುಖವೂ ಬಾಡಿತು. "ಅತ್ತಿ ಸತ್ತ ದುಃಖದಾಗೂ ನಮಗ ಇಷ್ಟೊತ್ತು ತಿಳಿಸಿ ಹೇಳಿದೆಲ್ಲೋ!" ಎಂದು ಉಚ್ಚೆಂಗಪ್ಪ ಚಪ್ಪಟೆ ಗುಂಡಿನ ಡಬ್ಬಿಯನ್ನೇ ಎತ್ತಿಕೊಂಡ. ಈಶ್ವರ್ ಲೈಸೆನ್ಸಿನಲ್ಲಿ ಗುಂಡಿನ ಲೆಕ್ಕ ಬರೆದು, ಶಟರ್ ಎಳೆದು ಓಡಲು ನೋಡಿದ. ಉಚ್ಚೆಂಗಪ್ಪ ಅವನ ರೆಟ್ಟೆ ಹಿಡಿದ. "ಸತ್ತ ಮನಿಗೆ ಬಸ್ಸಿನ್ಯಾಗ ಹೊಕ್ಕಾರೇನು? ನಮಗೂ ಕಂಪ್ಲ್ಯಾಗ ಕೆಲಸೈತಿ. ಜೀಪು ಹತ್ತು."

ಬೇಡವೆಂದರೂ ಹತ್ತಿಸಿದರು. ದಾರಿಯಲ್ಲಿ ಊದಿನಕಡ್ಡಿಯನ್ನೂ ಚೆಂಡುಹೂವಿನ ಮಾರುದ್ದದ ಹಾರವನ್ನೂ ಕೊಂಡು, ಹಾರವನ್ನು ಅವನ ಮಡಿಲಲ್ಲಿಟ್ಟರು. ಎರ್ರಮ್ಮನ ಕಣ್ಣು ಅವನ ಅಂಗಿಯ ಮೇಲೆ ಬಿತ್ತು.

"ಮಣ್ಣಿಗೆ ಹೊಸಾ ಅಂಗಿ ಹಾಕ್ಕೊಂಡೀರಲ್ರಿ?"

"ಇದು... ಆಕೀನ ಕೊಡಿಸಿದ್ದು ರೀ."

ಅಷ್ಟು ಸಾಕಾಯಿತು. ಎರ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಂಬವ್ವ ರಾಗ ತೆಗೆದಳು. "ಅಳಿಯಗ ಅಂಗಿ ತೊಡಿಸಿ ಹೋದೇನ, ನನ್ನವ್ವಾ ನಿಂಗಕ್ಕಾ!" ಎರಡೂ ಬದಿಯ ಬಾಳೆತೋಟ, ಭತ್ತದ ಗದ್ದೆ ದಾಟುವವರೆಗೂ ಆ ರಾಗ ನಿಲ್ಲಲಿಲ್ಲ. ಕೇಳಿ ಕೇಳಿ ಈಶ್ವರನಿಗೇ ಅಳು ಬಂತು. ನಿಂಗಕ್ಕ ನಿಜಕ್ಕೂ ಒಳ್ಳೆಯ ಹೆಂಗಸು.

ಕಂಪ್ಲಿಯ ಒಂದು ಓಣಿಯಲ್ಲಿ ಜೀಪು ನಿಂತಿತು.

"ಇದು ನಮ್ಮ ತಂಗಿ ಮನಿ" ಎಂದ ಉಚ್ಚೆಂಗಪ್ಪ. "ನಮ್ಮ ಹುಡುಗಿ ದುರ್ಗಾನ ನೋಡಾಕ ಯಾವನೋ ಬರ್ತಾನಂತ. ಕುಂದ್ರಸಿರ್ರಿ ಅಂತ ಹೇಳಿ, ಸೀದಾ ನಿಮ್ಮ ಅತ್ತಿ ಮನಿಗೆ ಹೋಗಾಮು."

ಈಶ್ವರ್ ಬಗ್ಗಿ ನೋಡಿದ. ಜೀಪಿನ ಸೀಟಿನಡಿ ತೂರಿಕೊಳ್ಳಲು ಜಾಗವಿರಲಿಲ್ಲ. ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಹೆಂಗಸು ಎದ್ದು ನಿಂತಳು.

"ಬಂದೇನೋ ಈಶ್ವರಾ! ಇದೇನೋ ಹಾರ? ಅದು ಲಗ್ನದ ದಿನ ತರಾದಲೇ!"

"ನೀವು ಯಾರವ್ವಾ?" ಕೇಳಿದಳು ಎರ್ರಮ್ಮ.

"ನಾನು ನಿಂಗಕ್ಕ. ಈ ಹುಡುಗನ ಸೋದರತ್ತಿ."

ಎರ್ರಮ್ಮನ ಕೈಯಿಂದ ಊದಿನಕಡ್ಡಿಯ ಪೊಟ್ಟಣ ಜಾರಿತು. ಎಲ್ಲರೂ ನಿಂಗಕ್ಕನನ್ನು ನೋಡಿದರು, ಹಾರ ನೋಡಿದರು, ಆಮೇಲೆ ಈಶ್ವರನನ್ನು ನೋಡಿದರು. ಅವನು ತೊದಲುತ್ತಾ ನಡೆದದ್ದನ್ನೆಲ್ಲ ಒಪ್ಪಿಕೊಂಡ. ಉಚ್ಚೆಂಗಪ್ಪ ನಿಧಾನವಾಗಿ ಗುಂಡಿನ ಡಬ್ಬಿಯನ್ನು ಜೇಬಿನಿಂದ ತೆಗೆದ.

"ಏಳೆಂಟು ಹೆಜ್ಜಿಯೊಳಗ ಇದ ಸಾಕು ಅಂದೆಲ್ಲ ತಮ್ಮಾ, ಅದಾರ ಖರೇ ಏನು?"

"ಅದು ಖರೇ ರೀ" ಎಂದ ಈಶ್ವರ್, ಒಂಬತ್ತು ಹೆಜ್ಜೆ ಹಿಂದೆ ಸರಿದು.

ಒಳಗಿನಿಂದ ಒಂದು ನಗು ಕಿಲಕಿಲನೆ ಉಕ್ಕಿತು. ಅದು ದುರ್ಗಾಳದೇ ಇರಬೇಕು. ಆ ನಗು ಕೇಳಿ ಉಚ್ಚೆಂಗಪ್ಪನ ಮೀಸೆಯೂ ಸಡಿಲಾಯಿತು. "ಗುಂಡಿನ ವಿಷಯದಾಗ ಸುಳ್ಳು ಹೇಳಿಲ್ಲ. ಬಾ, ಕುಂದ್ರು" ಎಂದ. ಬಿಸಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಬಂದವು. ಈಶ್ವರನಿಗೆ ಹೋದ ಜೀವ ಮರಳಿತು.

ಅವನು ಒಂದು ಮಿರ್ಚಿಯನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಜಂಬವ್ವ ಕೋಲು ಕುಟ್ಟಿದಳು.

"ನಿಲ್ಲು! ಸತ್ತಾಳ ಅಂತ ಬಾಯಿಂದ ಆಡೀಯಿಲ್ಲ? ಆಡಿದ ಮ್ಯಾಲ ಸೂತಕ ಸೂತಕನ. ಹನ್ನೊಂದು ದಿನ ನಮ್ಮ ಮನ್ಯಾಗ ಹೆಣ್ಣು ನೋಡಂಗಿಲ್ಲ, ಒಂದು ತುತ್ತು ಬಾಯಿಗಿಡಂಗಿಲ್ಲ."

ಆ ಮನೆಯಲ್ಲಿ ಜಂಬವ್ವನ ಮಾತಿಗೆ ಎದುರು ಮಾತಿಲ್ಲ. ಈಶ್ವರ್ ಮಿರ್ಚಿಯನ್ನು ತಟ್ಟೆಗೆ ಮರಳಿ ಇಟ್ಟು, ಮುಚ್ಚಿದ ಒಳಬಾಗಿಲನ್ನು ಒಮ್ಮೆ ನೋಡಿ, ಹಸಿದ ಹೊಟ್ಟೆಯಲ್ಲಿ ಬಸ್ ನಿಲ್ದಾಣದ ದಾರಿ ಹಿಡಿಯಲು ಎದ್ದ.

"ಅತ್ತೀ, ಏಳು, ಹೋಗಾಮು" ಎಂದ.

ನಿಂಗಕ್ಕ ಏಳಲಿಲ್ಲ. ಅವನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀ ಹೋಗೋ. ಸೂತಕ ನಿನಗ. ಸತ್ತಾಕಿಗೆ ಯಾವ ಸೂತಕ?"