ಹಳೇ ಡಿಸ್ಕಿಗೊಂದು ಸುತ್ತಿಗೆ

ಸ್ಟೋರ್ಸ್ ಸಾಹೇಬರ ಮನೆಯ ಕಂಪ್ಯೂಟರು ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ನಿಂತಿದ್ದರೆ ಚೆನ್ನಾಗಿತ್ತು, ಕೈತೊಳೆದುಕೊಳ್ಳಬಹುದಿತ್ತು. ಬೆಳಿಗ್ಗೆ ಅದರ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ತಲೆ ಒರೆಸಿಕೊಂಡು, ತಿಂಡಿ ತಿಂದು, ಪೇಪರಿನಲ್ಲಿ ತೀರಿಕೊಂಡವರ ಪುಟವನ್ನೂ ಮುಗಿಸಿ ಬಂದರೆ ಪರದೆಯ ಮೇಲೆ ಸಣ್ಣದೊಂದು ಚಕ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. (ಬಸ್ ಡಿಪೋದಲ್ಲಿ ಜನ್ಮ ಸವೆಸಿದವರು ಅವರು. ಚಕ್ರ ತಿರುಗಿಯೂ ಗಾಡಿ ಮುಂದೆ ಹೋಗದಿದ್ದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.)

ಸ್ಟೋರ್ಸ್ ಸಾಹೇಬರು ಅನ್ನುವುದು ಡಿಪೋದವರು ಇಟ್ಟ ಹೆಸರು. ಬಸ್ಸಿನ ಬಿಡಿಭಾಗಗಳ ಉಗ್ರಾಣಕ್ಕೆ ಅವರೇ ಸರ್ವಾಧಿಕಾರಿ. ನಿವೃತ್ತರಾಗಿ ಮನೆಗೆ ಬಂದವರು ಸುಮ್ಮನೆ ಕೂರಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದರು. ಚೀಟಿ ಇದ್ದಲ್ಲಿ ಸಾಮಾನು ಇದ್ದೇ ಇರುತ್ತದೆ ಅನ್ನುವುದು ಅವರು ಉಗ್ರಾಣದಿಂದ ಹೊತ್ತು ತಂದ ನಂಬಿಕೆ. ಹೆಂಡತಿಗೆ ಅಂಥ ನಂಬಿಕೆಗಳೇನೂ ಇರಲಿಲ್ಲ. ಖಾಲಿಯಾದ ಡಬ್ಬಿಗೆ ಕೈಗೆ ಸಿಕ್ಕಿದ್ದನ್ನು ಸುರಿಯುತ್ತಿದ್ದಳು. ಸಾಹೇಬರು ಒಂದು ದಿನ ಸಕ್ಕರೆಯ ಚೀಟಿ ನೋಡಿಕೊಂಡು ಕಾಫಿಗೆ ಎರಡು ಚಮಚ ಉಪ್ಪು ಹಾಕಿಕೊಂಡು ಕುಡಿದರು. ಆಮೇಲಾದರೂ ಬುದ್ಧಿ ಬಂತೇ ಅಂದರೆ, ಇಲ್ಲ. ತಪ್ಪು ಉಪ್ಪಿನದೇ ಅಂದರು.

ಅಡುಗೆಮನೆಯಿಂದ ಗಡಿಪಾರಾದ ಮೇಲೆ ಆತ್ಮಕಥೆ ಬರೆಯಲು ಕೂತರು. ಪುಸ್ತಕದ ಹೆಸರು ‘ನಟ್ಟು ಬೋಲ್ಟುಗಳ ನಡುವೆ’. ಮುಂದಿನ ತಿಂಗಳು ಡಿಪೋದ ಹಳಬರೆಲ್ಲ ಸೇರುವ ಕೂಟವಿತ್ತು. ಅಲ್ಲಿ ಮೊದಲ ಅಧ್ಯಾಯವನ್ನು ತಾವೇ ಓದುವುದಾಗಿ ಸಾಹೇಬರು ಎಲ್ಲರಿಗೂ ಫೋನ್ ಮಾಡಿ ಸಾರಿಬಿಟ್ಟಿದ್ದರು. ಟೈರ್ ವಿಭಾಗದ ಮೇಸ್ತ್ರಿ ಮಾತ್ರ, ನಿಮ್ಮ ಪುಸ್ತಕ ಹೊರಗೆ ಬರೋ ಹೊತ್ತಿಗೆ ಕೇಳೋಕೆ ನಾವಿರ್ತೀವೋ ಇಲ್ವೋ ಎಂದು ನಕ್ಕಿದ್ದ. ಆ ನಗು ಸಾಹೇಬರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅವನ ಮುಂದೆ ಎದ್ದು ನಿಂತು ಓದಲೇಬೇಕು, ಮಾನದ ಪ್ರಶ್ನೆ.

ಇಷ್ಟಕ್ಕೂ ಕಂಪ್ಯೂಟರು ಅವರೊಬ್ಬರದೇ ಅಲ್ಲ. ಹೆಂಡತಿ ಒಂದು ವಾರಪತ್ರಿಕೆಗೆ ಪದಬಂಧ ಮಾಡಿಕೊಡುತ್ತಿದ್ದಳು. ಅವಳ ಚೌಕಗಳೂ ಇವರ ನಟ್ಟು ಬೋಲ್ಟುಗಳೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡುತ್ತಿದ್ದವು. ಪೆಟ್ಟಿಗೆ ಚೆನ್ನಾಗಿಯೇ ಇದೆ, ಒಳಗಿನ ಡಿಸ್ಕು ಮುದಿಯಾಗಿದೆ, ರಿಪೇರಿ ಅಂಗಡಿಗೆ ಕೊಟ್ಟು ಹೊಸ ನಮೂನೆಯದು ಹಾಕಿಸಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಸಾಹೇಬರು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಮೇಸ್ತ್ರಿ ನಕ್ಕ ಮಾರನೆಯ ದಿನ ತಿಂಡಿ ತಿನ್ನುತ್ತಾ, ತಮಗೊಂದು ಅದ್ಭುತವಾದ ಯೋಚನೆ ಹೊಳೆದಿದೆ ಎಂದು ಘೋಷಿಸಿ, ಅದೇ ಮಾತನ್ನು ಅವಳಿಗೇ ಹೇಳಿದರು. ಅವಳು ಹೌದಾ, ಒಳ್ಳೇದಾಯ್ತು ಬಿಡಿ ಅಂದಳು. ಸಂಸಾರ ಮಾಡಿದವರಿಗೆ ಗೊತ್ತು, ಅಷ್ಟು ಸಲೀಸಾಗಿ ಒಪ್ಪಿಕೊಂಡರೆ ಅದಕ್ಕೆ ಬಡ್ಡಿ ಆಮೇಲೆ ಕಟ್ಟಬೇಕಾಗುತ್ತದೆ.

ಪೆಟ್ಟಿಗೆಯನ್ನು ಹಳೇ ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಾಹೇಬರು ಹೊರಟರು. ರಿಪೇರಿ ಅಂಗಡಿ ಎರಡು ಕನ್ನಡಕದ ಅಂಗಡಿಗಳ ನಡುವೆ ಇಕ್ಕಟ್ಟಾಗಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡ ಕಂಪ್ಯೂಟರುಗಳು. ಅಂಗಡಿಯಾಕೆ ನಡುವಯಸ್ಸಿನವಳು, ಹಣೆಯ ಮೇಲೊಂದು ಪುಟ್ಟ ದೀಪ ಕಟ್ಟಿಕೊಂಡಿದ್ದಳು. ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ವಿಷಯ ಬಿಡಿಸಿ ಹೇಳಿದಳು. ಹೊಸ ಡಿಸ್ಕು ಚಿಕ್ಕದು, ಆದರೆ ಭಾರೀ ಚುರುಕು. ಕಂಪ್ಯೂಟರನ್ನು ಎಬ್ಬಿಸುವ ಕೆಲಸ ಅದಕ್ಕೆ ಕೊಡುತ್ತೇನೆ. ನಿಮ್ಮ ಬರಹ, ಫೋಟೋ ಎಲ್ಲ ಹಳೇ ಡಿಸ್ಕಿನಲ್ಲಿವೆ, ಅದೂ ಒಳಗೇ ಇರಲಿ ಅಂದಳು.

ಸಾಹೇಬರೊಳಗಿನ ಉಗ್ರಾಣ ಎದ್ದು ಕೂತಿತು. ಹೊಸ ಭಾಗ ಹಾಕಿದ ಮೇಲೆ ಹಳೇ ಭಾಗವನ್ನು ತಂದು ಒಪ್ಪಿಸಬೇಕು, ಇಲ್ಲದಿದ್ದರೆ ಹೊಸದು ಹಾಕಿದ್ದಕ್ಕೆ ಸಾಕ್ಷಿಯೇ ಇಲ್ಲ. ಇದು ಡಿಪೋದ ಶಾಸನ. ಹಳೇ ಬ್ರೇಕ್ ಲೈನಿಂಗ್ ತರದ ಮೆಕ್ಯಾನಿಕ್ಕುಗಳನ್ನು ಅವರು ಕಿಟಕಿಯಿಂದಲೇ ವಾಪಸು ಅಟ್ಟಿದವರು.

“ನೋಡಮ್ಮಾ, ಹಳೇ ಮಾಲು ನನ್ನ ಕೈಗೆ ಬರ್ಬೇಕು,” ಅಂದರು. “ಒಳಗೆ ಬಿಡೋ ಮಾತೇ ಇಲ್ಲ.”

ಆಕೆ ಎರಡು ಮೂರು ಸಲ ಹೇಳಿ ನೋಡಿದಳು. ಹಾಗಾದರೆ ಬೇಕಾದ ಫೈಲುಗಳನ್ನು ಹೊಸದಕ್ಕೆ ಕಾಪಿ ಮಾಡಬೇಕಾಗುತ್ತದೆ, ಯಾವುದು ಮಾಡಲಿ ಎಂದಳು. ಸಾಹೇಬರು ಹೆಂಡತಿಯ ಪದಬಂಧಗಳನ್ನೂ ಫೋಟೋಗಳನ್ನೂ ತೋರಿಸಿದರು. ತಮ್ಮ ಪುಸ್ತಕವನ್ನು ಮಾತ್ರ ಮುಟ್ಟಗೊಡಲಿಲ್ಲ. ಬಿಡುಗಡೆಗೆ ಮುಂಚೆ ಹೊರಗಿನವರು ಓದಿಬಿಟ್ಟರೆ? ಅದನ್ನು ಮನೆಯಲ್ಲಿ ತಾವೇ ವರ್ಗಾಯಿಸಿಕೊಳ್ಳುವುದಾಗಿ, ಇಂಥ ಸಾವಿರ ವರ್ಗಾವಣೆ ಮಾಡಿರುವುದಾಗಿ ಗತ್ತಿನಲ್ಲಿ ಹೇಳಿದರು. (ಮಾಡಿದ್ದು ಕ್ಲಚ್ ಪ್ಲೇಟುಗಳನ್ನು.)

“ಸರಿ ಸರ್, ನಿಮ್ಮಿಷ್ಟ,” ಅಂದಳು ಆಕೆ. “ಆದ್ರೆ ತೆರೆದು ನೋಡಿ ಖಾತ್ರಿ ಮಾಡ್ಕೊಳ್ಳೋ ತನಕ ಹಳೇದನ್ನ ಎಲ್ಲೂ ಎಸೀಬೇಡಿ.”

ಎಸೆಯುವುದೇ? ಸಾಹೇಬರಿಗೆ ನಗು ಬಂತು. ಉಗ್ರಾಣದವನು ಯಾವುದನ್ನೂ ಎಸೆಯುವುದಿಲ್ಲ. ಸಂಜೆಗೆ ಪೆಟ್ಟಿಗೆಯನ್ನು ತೊಡೆಯ ಮೇಲೂ ಹಳೇ ಡಿಸ್ಕನ್ನು ಜೇಬಿನಲ್ಲೂ ಇಟ್ಟುಕೊಂಡು ಮನೆ ಸೇರಿದರು.

ಗುಂಡಿ ಒತ್ತಿದರು. ಅಭ್ಯಾಸಬಲದಿಂದ ಸ್ನಾನದ ಮನೆಯ ಕಡೆ ತಿರುಗಿದವರು ಟವಲು ಹೆಗಲಿಗೆ ಹಾಕುವಷ್ಟರಲ್ಲಿ ಪರದೆ ಬೆಳಗಿಬಿಟ್ಟಿತು. ಚಕ್ರವೂ ಇಲ್ಲ, ಕಾಯುವುದೂ ಇಲ್ಲ. ಹೆಂಡತಿ ತನ್ನ ಪದಬಂಧಗಳನ್ನು ಒಂದೊಂದಾಗಿ ತೆರೆದು ನೋಡಿ, ಎಲ್ಲ ಇವೆ ಎಂದು ಖುಷಿಪಟ್ಟು, ನಿಮ್ಮದೂ ನೋಡಿಕೊಂಡುಬಿಡಿ ಅಂದಳು. ಸಾಹೇಬರು ಪರದೆಯ ಮೂಲೆಗೆ ಕಣ್ಣು ಹಾಯಿಸಿದರು. ಯಾವಾಗಲೂ ಇದ್ದ ಜಾಗದಲ್ಲೇ ಪುಟ್ಟ ಚಿತ್ರ, ಅದರ ಕೆಳಗೆ ಅಚ್ಚುಕಟ್ಟಾಗಿ ‘ನಟ್ಟು ಬೋಲ್ಟುಗಳ ನಡುವೆ’ ಎಂಬ ಹೆಸರು. ಬೇಡವೆಂದರೂ ಅಂಗಡಿಯಾಕೆ ತಂದು ಜೋಡಿಸಿಬಿಟ್ಟಿದ್ದಾಳಲ್ಲ, ಕದ್ದು ಓದಿರಲೂಬಹುದು ಎಂದು ಒಳಗೊಳಗೇ ಮುನಿಸಿಕೊಂಡರು. ಓದಿದ್ದರೆ ಮೆಚ್ಚಿರುತ್ತಾಳೆ ಎಂದು ಮುನಿಸನ್ನು ಬಿಟ್ಟೂಬಿಟ್ಟರು. ತೆರೆದು ನೋಡಲಿಲ್ಲ. ಹೆಸರಿನ ಚೀಟಿ ಇದೆಯಲ್ಲ, ಸಾಕು.

ಉಳಿದದ್ದು ಹಳೇ ಮಾಲಿನ ವಿಲೇವಾರಿ. ಡಿಪೋದಲ್ಲಿ ಕಂಡೆಮ್ ಆದ, ಅಂದರೆ ಇನ್ನು ಬಳಸಕೂಡದೆಂದು ತೀರ್ಮಾನವಾದ ಭಾಗವನ್ನು ಹಾಗೇ ಹೊರಗೆ ಬಿಡುವಂತಿಲ್ಲ. ಯಾರಾದರೂ ತೊಳೆದು ಬಣ್ಣ ಬಳಿದು ಹೊಸದೆಂದು ಮತ್ತೆ ಉಗ್ರಾಣಕ್ಕೇ ತಂದು ಮಾರುತ್ತಾರೆ. ಅದಕ್ಕೇ ಸುತ್ತಿಗೆಯಿಂದ ಜಜ್ಜಿ, ಯಾವ ಕೆಲಸಕ್ಕೂ ಬಾರದಂತೆ ಮಾಡಿಯೇ ಗುಜರಿಗೆ ಹಾಕಬೇಕು. ಸಾಹೇಬರು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಡಿಸ್ಕನ್ನಿಟ್ಟು ಅಂಗಿಯ ತೋಳು ಮಡಚಿದರು. ಮೊದಲ ಏಟಿಗೆ ಮುಚ್ಚಳ ಒಳಗೆ ಹೋಯಿತು. ಆಮೇಲಿನ ಏಟುಗಳಿಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆಗಳು ಹೊರಬಂದು ಸೊಟ್ಟಗಾದವು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ನೋಡಿದರು. ಸಾಹೇಬರು ಅವರಿಗೂ ಕೈಬೀಸಿ, ತುಂಬ ದಿನಗಳ ಮೇಲೆ ಒಂದು ಕೆಲಸವನ್ನು ನಿಯಮದ ಪ್ರಕಾರ ಮಾಡಿದ ತೃಪ್ತಿಯಿಂದ ಒಳಗೆ ಬಂದು ಬರೆಯಲು ಕೂತರು.

ಪುಟ್ಟ ಚಿತ್ರದ ಮೇಲೆ ಒತ್ತಿದರು. ಪುಸ್ತಕ ತೆರೆಯಲಿಲ್ಲ. ಈ ಫೈಲು ಇರುವ ಡಿಸ್ಕು ಸಿಗುತ್ತಿಲ್ಲ, ಅದನ್ನು ಜೋಡಿಸಿ ಎಂದು ಕಂಪ್ಯೂಟರು ವಿನಯದಿಂದ ಕೇಳಿಕೊಂಡಿತು. ಮತ್ತೆ ಒತ್ತಿದರು. ಹೊಸ ಡಿಸ್ಕು ಚುರುಕಿನದಲ್ಲವೇ, ಅಷ್ಟೇ ಬೇಗ ಮತ್ತೆ ಅದನ್ನೇ ಹೇಳಿತು.

ಅಂಗಡಿಗೆ ಫೋನ್ ಮಾಡಿದರು. ಅದು ಬರೀ ದಾರಿ ತೋರಿಸುವ ಗುರುತು ಸರ್, ಪರದೆ ಮೊದಲಿದ್ದ ಹಾಗೇ ಇರಲಿ ಅಂತ ಬಿಟ್ಟಿದ್ದೆ, ಪುಸ್ತಕ ಹಳೇ ಡಿಸ್ಕಿನಲ್ಲೇ ಭದ್ರವಾಗಿದೆ, ಗಾಬರಿಯಾಗಬೇಡಿ, ನಾಳೆ ತನ್ನಿ ಅಂದಳು ಆಕೆ. ಅದನ್ನು ಕಂಡೆಮ್ ಮಾಡಿದ್ದಾಗಿ ಸಾಹೇಬರು ಸಣ್ಣ ದನಿಯಲ್ಲಿ ಹೇಳಿದರು. ಹಾಗಂದರೇನು ಎಂದು ಆಕೆ ಕೇಳಿದಳು. ವಿವರಿಸಿದರು.

“ತಟ್ಟೆ ಬಗ್ಗಿದೆಯಾ ಸರ್?”

“ಮಡಚಿದ ಹಾಗೇ ಆಗಿದೆಯಮ್ಮ.”

ಹಾಗಾದರೆ ತನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅಂದಳು ಆಕೆ. ಇನ್ನೊಂದು ಪ್ರತಿಯಾದರೂ ಎಲ್ಲಾದರೂ ಇದೆಯೇ ಎಂದು ಕೇಳಿದಳು. ಎಲ್ಲಿಂದ ಬರಬೇಕು? ಒಂದೇ ಸಾಮಾನು ಎರಡು ಕಡೆ ಇಟ್ಟರೆ ಕಳ್ಳತನಕ್ಕೆ ದಾರಿ ಅನ್ನುವುದೂ ಉಗ್ರಾಣದ ಇನ್ನೊಂದು ಶಾಸನ.

ಹಿತ್ತಲಿನಿಂದ ಬಂದ ಹೆಂಡತಿಯ ಒಂದು ಕೈಯಲ್ಲಿ ಸೊಟ್ಟ ತಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಅವಳು ಬೈಯಲಿಲ್ಲ. ವರ್ಷಗಳಿಂದ ಬರೆದದ್ದು ಮಣ್ಣುಪಾಲಾಯ್ತು, ಮೇಸ್ತ್ರಿಗೆ ಯಾವ ಮುಖ ತೋರಿಸಲಿ ಎಂದು ಸಾಹೇಬರು ನಿಜವಾಗಿಯೂ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

“ಯಾಕ್ರೀ ಅಳ್ತೀರಾ? ನಿಮ್ಮ ಕಥೆಯೆಲ್ಲಾ ನನಗೆ ಬಾಯಿಪಾಠ. ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೀನಿ. ನಾನು ಹೇಳ್ತಾ ಹೋಗ್ತೀನಿ, ನೀವು ಬರೀತಾ ಹೋಗಿ.”

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಇಂಥ ಹೆಂಡತಿಯನ್ನು ಆರಿಸಿದ ತಮ್ಮ ಜಾಣತನವನ್ನು ತಾವೇ ಮೆಚ್ಚಿಕೊಳ್ಳುತ್ತಾ ಬೆರಳು ಸಜ್ಜು ಮಾಡಿಕೊಂಡರು. ಶುರುವಾಯಿತು ಮೊದಲ ಅಧ್ಯಾಯ, ಡಿಪೋದ ಇತಿಹಾಸದಲ್ಲೇ ಪ್ರಸಿದ್ಧವಾದ ಕಾಣೆಯಾದ ಟೈರಿನ ಪ್ರಕರಣ. ಹೊಚ್ಚಹೊಸ ಟೈರು ಮಾಯವಾಗಿ ಟೈರ್ ಮೇಸ್ತ್ರಿಯ ಮೇಲೆ ಅನುಮಾನ ಬಂದದ್ದು, ಡಿಪೋವನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ್ದು, ಸಂಜೆಗೆ ಸಾಹೇಬರ ಸೂಕ್ಷ್ಮಬುದ್ಧಿಯಿಂದ ಅದು ಪತ್ತೆಯಾದದ್ದು. ಹೆಂಡತಿ ಒಂದು ಅಕ್ಷರವೂ ತಪ್ಪದೆ ಹೇಳುತ್ತಾ ಹೋದಳು. ಪತ್ತೆಯಾಗುವ ಜಾಗಕ್ಕೆ ಬಂದಾಗ ಮಾತ್ರ ಅವಳ ದನಿ ಇನ್ನಷ್ಟು ಸ್ಪಷ್ಟವಾಯಿತು.

“ಬರೀರಿ. ಟೈರು ಎಲ್ಲೂ ಹೋಗಿರಲಿಲ್ಲ. ನಾನೇ ಅದರ ಮೇಲೆ ಗೋಣಿಚೀಲ ಹಾಸಿಕೊಂಡು ಬೆಳಿಗ್ಗೆಯಿಂದ ಕೂತಿದ್ದೆ.”

ಸಾಹೇಬರ ಬೆರಳು ನಿಂತಿತು. ಆ ಸಂಗತಿಯನ್ನು ಅವರು ಮದುವೆಯಾದ ಹೊಸದರಲ್ಲಿ, ಪ್ರೀತಿ ಉಕ್ಕಿದ ಒಂದು ಗಳಿಗೆಯಲ್ಲಿ, ಇವಳೊಬ್ಬಳಿಗೇ ಹೇಳಿದ್ದರು. ಪುಸ್ತಕದಲ್ಲಿ ಅದು ಇರಲಿಲ್ಲ, ಬೇಡ ಅಂದರು.

“ಯಾಕೆ ಬೇಡ? ಸ್ಟಾಕು ಇದ್ದದ್ದು ಇದ್ದ ಹಾಗೇ ತೋರಿಸ್ಬೇಕು ಅಂತ ದಿನಾ ನನಗೆ ಪಾಠ ಮಾಡೋರು ಯಾರು? ಪಾಪ, ಆ ಮೇಸ್ತ್ರಿ ಎಷ್ಟು ವರ್ಷ ಕದ್ದು ಬಚ್ಚಿಟ್ಟವರು ಅನ್ನೋ ಮಾತು ಕೇಳಿದ್ದಾರೋ. ಅವರ ಮುಂದೇನೇ ಓದ್ತೀರಂತೆ.”

ಬೇರೆ ದಾರಿ ಇರಲಿಲ್ಲ. ಕೂಟ ಹತ್ತಿರ ಬರುತ್ತಿತ್ತು, ತಾವು ಬರೆದದ್ದು ತಮಗೇ ಸಾಲಾಗಿ ನೆನಪಿರಲಿಲ್ಲ, ಕಥೆ ಪೂರ್ತಿ ಬಾಯಿಪಾಠವಿದ್ದವಳು ಇವಳೊಬ್ಬಳೇ. ಸಾಹೇಬರು ಬೇಕೆಂದೇ ನಿಧಾನವಾಗಿ ಒತ್ತುತ್ತಾ, ಹಿಂದಿನ ಹಾಗೆ ಕಂಪ್ಯೂಟರು ಈಗಲಾದರೂ ಸಿಕ್ಕಿಹಾಕಿಕೊಂಡು ಚಕ್ರ ತಿರುಗಿಸಲಿ ಎಂದು ಕಾದರು. ಅದು ಬೆರಳು ಎತ್ತುವ ಮೊದಲೇ ಅಕ್ಷರ ಮೂಡಿಸಿ, ಮುಂದೇನು ಎಂದು ಕಾಯುತ್ತಿತ್ತು. ಗೋಣಿಚೀಲದ ವಾಕ್ಯ ಕ್ಷಣದಲ್ಲಿ ಮುಗಿಯಿತು.

ಅಧ್ಯಾಯದ ಕೊನೆಗೆ ಸಾಹೇಬರು, ಇದನ್ನು ಎಲ್ಲಿ ಇಡಲಿ ಎಂದು ಸೋತ ದನಿಯಲ್ಲಿ ಕೇಳಿದರು.

“ಎರಡು ಕಡೆ ಇಡಿ,” ಅಂದಳು ಹೆಂಡತಿ, ಕುರ್ಚಿಯಿಂದ ಏಳುತ್ತಾ. “ಸುತ್ತಿಗೆ ನನ್ನ ಹತ್ರಾನೇ ಇರುತ್ತೆ.”