ಮಕ್ಕಳ ಸಮೇತ ಫಾರಿನ್ನಿಗೆ ಹೊಂಟೀವಿ, ಏನೀಗ?

ಗುಂಪು ಕಟ್ಟಿಕೊಂಡು ಪರದೇಶ ಸುತ್ತುವವರನ್ನು ಕಂಡು ನಗುವವರಿದ್ದಾರೆ. ಜೊತೆಗೆ ಮಕ್ಕಳೂ ಇದ್ದರೆ ಇನ್ನಷ್ಟು ಜೋರಾಗಿ ನಗುತ್ತಾರೆ. ನಗಲಿ. ನಾವು ಹೋದೆವು, ಮತ್ತೂ ಹೋಗುವವರೇ. ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಆಗದಿದ್ದರೆ ಮನೆಗೆ ಬಂದು ಹೇಳಿಕೊಳ್ಳುವುದಾದರೂ ಏನನ್ನು?

ನಾವೆಂದರೆ ವಿಜಾಪುರದ ಕಡೆಯಿಂದ ಹೈದರಾಬಾದಿಗೆ ಬಂದು ತಾರ್ನಾಕದಲ್ಲಿ ನೆಲೆಸಿದ ನಾಲ್ವರು. ಯಜಮಾನರಿಗೆ ರಕ್ಷಣಾ ಇಲಾಖೆಯ ಘಟಕವೊಂದರಲ್ಲಿ ನೌಕರಿ. ನಾನು ನಾಚಾರಮ್ಮಿನ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮಗಳಿಗೆ ಆಗ ಒಂಬತ್ತು, ಮಗನಿಗೆ ಐದು.

ಅಲ್ಲಿ ಯಾರಿದ್ದಾರೆ?

ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಯಂತೆ ಎದ್ದ ಕಾಲವದು. ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮಹಡಿಯಿಂದಲೂ ಯಾರೋ ಒಬ್ಬರು ಅಮೆರಿಕದಲ್ಲಿದ್ದರು. ಪರದೇಶಕ್ಕೆ ಹೋಗುವುದೆಂದರೆ ನೆಂಟರ ಮನೆಗೆ ಹೋಗುವುದು ಎಂದೇ ಎಲ್ಲರ ಲೆಕ್ಕ. ನಾವು ಬ್ಯಾಂಕಾಕ್, ಸಿಂಗಪುರಕ್ಕೆ ಹೊರಟ ಸುದ್ದಿ ಕೇಳಿ ಎದುರುಮನೆಯಾಕೆ ಬಂದರು.

“ಅಕ್ಕಡ ಎವರುನ್ನಾರಂಡಿ?” ಅಲ್ಲಿ ಯಾರಿದ್ದಾರೆ ಅಂತ.

“ಯಾರೂ ಇಲ್ಲ” ಎಂದು ತೆಲುಗಿನಲ್ಲೇ ಹೇಳಿದೆ.

“ಯಾರೂ ಇಲ್ಲದ ಊರಿಗೆ, ಅದೂ ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಯಾಕೆ ಹೋಗುತ್ತೀರಿ?”

“ಯಾರೂ ಇಲ್ಲ ಅಂತಲೇ ಹೋಗುತ್ತಿದ್ದೇವೆ. ನೆಂಟರು ಇದ್ದರೆ ಅಲ್ಲಿಯೂ ನಾನೇ ಅಡುಗೆ ಮಾಡಬೇಕಲ್ಲ!”

ಕಾರಣವೇನು?

ಯಜಮಾನರ ಆಫೀಸಿನಲ್ಲಿ ಪರದೇಶಕ್ಕೆ ಹೋಗಲು ಅನುಮತಿ ಬೇಕು. ಅರ್ಜಿಯಲ್ಲಿ ‘ಪ್ರಯಾಣದ ಕಾರಣ’ ಎಂಬ ಕಡೆ ಇವರು ‘ನೋಡಲು’ ಎಂದು ಬರೆದರು. ಸಾಹೇಬರು ‘ಏನು ನೋಡಲು?’ ಎಂದು ಕೆಂಪು ಪೆನ್ನಿನಲ್ಲಿ ಕೇಳಿ ವಾಪಸ್ ಕಳಿಸಿದರು.

ಇವರು ಮನೆಗೆ ಬಂದು ಅರ್ಜಿ ಹಿಡಿದು ಕೂತರು. “ಏನ್ ಬರೀಲಿ?”

“ಇನ್ನೂ ನೋಡಿಲ್ಲ, ನೋಡಿ ಬಂದ ಮ್ಯಾಲ ಹೇಳ್ತೀನಿ ಅಂತ ಬರೀರಿ. ಅದ ಖರೇ ಐತಲ್ಲ?”

“ನೌಕರಿ ಕಳೀಬೇಕಂತ ಮಾಡೀ ಏನು?” ಎಂದು ಗೊಣಗುತ್ತಲೇ ಹಾಗೇ ಬರೆದರು. ಒಂದು ವಾರ ಕಾದರು. ಅನುಮತಿ ಬಂತು. ಅಷ್ಟೇ ಅಲ್ಲ, ನಾವು ತಿರುಗಿ ಬಂದು ಫೋಟೋ ತೋರಿಸಿದ ಮೇಲೆ ಸಾಹೇಬರೇ ಒಂದು ಅರ್ಜಿ ಹಾಕಿದರಂತೆ. ಕಾರಣ: ‘ಸದರಿ ನೌಕರರು ನೋಡಿ ಬಂದದ್ದನ್ನೇ ನೋಡಲು.’

ರತ್ನದ ಅಂಗಡಿ

ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಕಡಲತೀರದ ಊರೊಂದಕ್ಕೆ ಕರೆದೊಯ್ದ ಟೂರ್ ಮ್ಯಾನೇಜರ್ ನಮಗೆ ಸಮುದ್ರದ ದಂಡೆಯಲ್ಲಿ ಮುಕ್ಕಾಲು ತಾಸು ಕೊಟ್ಟ. ಪಕ್ಕದ ರತ್ನದ ಅಂಗಡಿಗೆ ಎರಡು ತಾಸು! ಮಕ್ಕಳು ಅಳುತ್ತ ನೀರಿನಿಂದ ಎದ್ದರು.

“ನಮಗ ರತ್ನ ಬ್ಯಾಡ, ಸಮುದ್ರ ಸಾಕು” ಎಂದು ಹಿಂದಿಯಲ್ಲಿ ಜಗಳ ತೆಗೆದೆ.

“ಶೆಡ್ಯೂಲ್‌ನಲ್ಲಿದೆ ಮೇಡಂ, ಎಲ್ಲರೂ ಒಳಗೆ ಬರಲೇಬೇಕು.”

ಬರಲೇಬೇಕಾ? ಬಂದೆ. ಹೈದರಾಬಾದಿನ ಕೋಠಿ ಪೇಟೆಯಲ್ಲಿ ಹತ್ತು ವರ್ಷ ಸೀರೆ ಚೌಕಾಸಿ ಮಾಡಿದ ಹೆಂಗಸು ನಾನು. ಮೊದಲ ಉಂಗುರಕ್ಕೆ ಕಾಲುಭಾಗ ರೇಟು ಕೇಳಿದೆ. ಕೌಂಟರಿನ ಹುಡುಗಿ ತನ್ನ ಮೇಲಿನವಳನ್ನು ಕರೆದಳು. ಅವಳಿಗೆ, “ಇದರಲ್ಲೇ ಬೇರೆ ಬಣ್ಣ ತೋರಿಸು” ಎಂದೆ. ನಮ್ಮ ಬಸ್ಸಿನ ಉಳಿದ ಹೆಂಗಸರೂ ಹೈದರಾಬಾದಿನವರೇ ತಾನೆ? ಒಬ್ಬೊಬ್ಬರು ಒಂದೊಂದು ಕೌಂಟರ್ ಹಿಡಿದರು. ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದೆವು. ಒಬ್ಬರೂ ಪರ್ಸ್ ಬಿಚ್ಚಲಿಲ್ಲ. ಅರ್ಧ ತಾಸಿಗೆ ಮಾಲೀಕನೇ ಓಡಿ ಬಂದು, ತಲೆಬಾಗಿ, ಹೊರಬಾಗಿಲು ತೆರೆದು ಹಿಡಿದ.

ಮಿಕ್ಕ ಒಂದೂವರೆ ತಾಸು ಮಕ್ಕಳು ಮನಸಾರೆ ನೀರಾಡಿದರು. ಮರುದಿನ ಒಂದು ಚಿನ್ನದ ಅಂಗಡಿ ಇತ್ತಂತೆ. ಅಂಗಡಿಯವರೇ ಫೋನ್ ಮಾಡಿ ನಮ್ಮನ್ನು ಬೇಡವೆಂದರು.

ಕಳೆದುಹೋದವರು

ಸಿಂಗಪುರದಲ್ಲಿ ಪಕ್ಷಿಗಳ ಉದ್ಯಾನಕ್ಕೆ ಹೋದೆವು. ನಮ್ಮ ಬಸ್ಸಿನಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು, ತೆಲುಗಿನವರು. “ಈ ಮಕ್ಕಳನ್ನು ಯಾಕೆ ತರುತ್ತೀರಿ? ಎಲ್ಲೋ ತಪ್ಪಿಸಿಕೊಳ್ಳುತ್ತವೆ, ಎಲ್ಲರ ದಿನವೂ ಹಾಳು” ಎಂದು ಗೇಟಿನಲ್ಲೇ ಶುರು ಮಾಡಿದರು. ನಾನೂ ಬಿಡಲಿಲ್ಲ. “ನಮ್ಮ ಮಕ್ಕಳು ಹೇಳಿದ ಮಾತು ಕೇಳುತ್ತವೆ, ನಿಮ್ಮನ್ನು ನೀವು ನೋಡಿಕೊಳ್ಳಿ” ಎಂದೆ.

ಗೈಡ್ ಹೆಂಗಸಿನ ಕೈಯಲ್ಲಿ ಹಳದಿ ಕೊಡೆ. ಬಸ್ಸಿನ ಐದೂ ಮಕ್ಕಳಿಗೆ, “ಈ ಕೊಡೆ ಬಿಟ್ಟು ಕದಲಬೇಡಿ” ಎಂದಳು. ಗಿಳಿಗಳ ಆಟ ಮುಗಿದು ಜನ ಎದ್ದಾಗ ಎಂಜಿನಿಯರ್ ಸಾಹೇಬರು ಮುಂದೆ ಹಳದಿ ಕೊಡೆ ಕಂಡು ಸರಸರ ನಡೆದರು. ಅವರ ಹಿಂದೆ ನಾವೆಲ್ಲ. ಮಕ್ಕಳು ಮುಂದೆ ಗೈಡ್ ಜೊತೆ ಇದ್ದಾರೆಂದು ನಾನು, ಹಿಂದೆ ನನ್ನ ಜೊತೆ ಇದ್ದಾರೆಂದು ಯಜಮಾನರು. ಬಸ್ಸು ಹತ್ತಿ ಕೂತೂ ಆಯಿತು.

ಆಮೇಲೆ ಒಂದು ಹಿಂಡು ಜಪಾನಿನವರು ಹತ್ತಿದರು. “ಇದು ನಮ್ಮ ಬಸ್ಸು, ಇಳಿಯಿರಿ” ಎಂದು ಎಂಜಿನಿಯರ್ ಸಾಹೇಬರು ಅವರಿಗೇ ಗದರಿದರು. ಕೊಡೆಯವಳು ತಿರುಗಿದಳು. ಅವಳು ನಮ್ಮ ಗೈಡೇ ಅಲ್ಲ!

“ರೀ, ಮಕ್ಕಳೆಲ್ಲಿ?” ಎಂದೆ. ಯಜಮಾನರ ಮುಖ ಬಿಳಿಚಿತು. ಬಸ್ಸಿಳಿದು ಓಡುತ್ತಿರುವಾಗಲೇ ಧ್ವನಿವರ್ಧಕದಲ್ಲಿ ಇಂಗ್ಲಿಷಿನಲ್ಲಿ ಕೇಳಿಸಿತು: “ದಯವಿಟ್ಟು ಗಮನಿಸಿ. ಹೈದರಾಬಾದಿನ ಇಪ್ಪತ್ತೆರಡು ಮಂದಿ ದೊಡ್ಡವರು ಕಳೆದುಹೋಗಿದ್ದಾರೆ. ಅವರ ಮಕ್ಕಳು ಮುಖ್ಯದ್ವಾರದಲ್ಲಿ ಕಾಯುತ್ತಿದ್ದಾರೆ.”

ಐದೂ ಮಕ್ಕಳು ಹಳದಿ ಕೊಡೆಯ ಕೆಳಗೆ ಐಸ್‌ಕ್ರೀಮ್ ತಿನ್ನುತ್ತ ಕೂತಿದ್ದವು. ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

“ಅಳಬ್ಯಾಡವ್ವಾ, ಸಿಕ್ಕೀರಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದಳು. ಮೈಕಿನಲ್ಲಿ ಹೇಳಿಸಿದ್ದೂ ಅವಳೇ.

ಕೊನೆಗೆ ಎಂಜಿನಿಯರ್ ಸಾಹೇಬರು ಏದುಸಿರು ಬಿಡುತ್ತ ಬಂದರು. ಮಗಳು ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಐಸ್‌ಕ್ರೀಮನ್ನು ಎಡಗೈಗೆ ಬದಲಿಸಿ, ಬಲಗೈ ಚಾಚಿ, ತೆಲುಗಿನಲ್ಲಿ ಮರ್ಯಾದೆಯಿಂದಲೇ ಹೇಳಿದಳು: “ತಾತಗಾರೂ, ಇನ್ನು ಮೇಲೆ ನನ್ನ ಕೈ ಹಿಡಿದುಕೊಂಡು ನಡೆಯಿರಿ.”

ಅವರು ಹಿಡಿದುಕೊಂಡರು.