ಮಿನುಗು ಎಣಿಸುವವನ ಫಜೀತಿಗಳು

ಸಂಜೆ ಮಾಳಿಗೆ ಮೇಲೆ ಬಾಯಿ ತೆರೆದುಕೊಂಡು ಆಕಾಶ ನೋಡುವವನನ್ನು ಫಜೀತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ಕೆಟ್ಟುಹೋದ ಉಪಗ್ರಹ, ಹಳೇ ರಾಕೆಟ್ಟಿನ ತುಂಡುಗಳು ಆಕಾಶದಲ್ಲಿ ಪಲ್ಟಿ ಹೊಡೆಯುತ್ತಾ ಹೋಗುವಾಗ, ಬಿಸಿಲು ತಾಗಿದಾಗಲೆಲ್ಲ ಮಿನುಗುತ್ತವೆ. ಆ ಮಿನುಗು ಎಣಿಸಿ, ಎಷ್ಟು ಸೆಕೆಂಡಿಗೊಂದು ಎಂದು ಬರೆದಿಡುವುದು ನನ್ನ ಹುಚ್ಚು. ಈ ಹುಚ್ಚನ್ನು ಸಹಿಸಿಕೊಂಡವರ ಋಣ ದೊಡ್ಡದು.

೧. ಎದುರು ಮನೆ

ಪಿ.ಜೆ. ಬಡಾವಣೆಯಲ್ಲಿ ನಾನು ದುರ್ಬೀನು ಹಿಡಿದ ಮೂರನೇ ದಿನಕ್ಕೇ ಎದುರು ಮನೆಯವರು ಮಾಳಿಗೆಯಲ್ಲಿ ಬಟ್ಟೆ ಒಣಹಾಕುವುದು ಬಿಟ್ಟರು. ಅಂದಿನಿಂದ ನನ್ನ ಹೆಂಡತಿ ಅವರೆಕಾಯಿ ಮೊರ ಹಿಡಿದು ಪಕ್ಕದಲ್ಲೇ ಕೂರತೊಡಗಿದಳು. ಆ ಮನೆಯಾಕೆ ಕೇಳಿಯೇಬಿಟ್ಟರು: "ದಿನಾ ಏನ್ ನೋಡ್ತಾರ್ರಿ ನಿಮ್ಮ ಯಜಮಾನ್ರು?"

"ಅವ್ರು ಉಪಗ್ರಹ ನೋಡ್ತಾರ್ರಿ. ನಾನು ಅವ್ರನ್ನ ನೋಡ್ತೀನಿ."

ಮರುದಿನದಿಂದ ಬಟ್ಟೆ ಮತ್ತೆ ಒಣಗತೊಡಗಿದವು.

೨. ಕಣ್ಣಿನ ಡಾಕ್ಟರು

ಬರಬರುತ್ತಾ ಮಿನುಗುಗಳೇ ಮಸುಕಾದವು. ಕಣ್ಣಿನ ಡಾಕ್ಟರು ಕೇಳಿದರು: "ಕಣ್ಮುಂದೆ ಬೆಳಕು ಮಿಂಚಿದಂಗೆ ಆಗುತ್ತೇನ್ರಿ?"

"ಆಗ್ತೈತೆ ಸರ್. ನಿನ್ನೆ ಏಳೂ ಹತ್ತಕ್ಕೆ ಹರಿಹರದ ಕಡೆಯಿಂದ ಬಂತು. ಹನ್ನೊಂದು ಸೆಕೆಂಡಿಗೊಂದು. ಇವತ್ತು ಮೋಡ, ಕಾಣಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ವಿಷಯ ತಿಳಿದ ಮೇಲೆ ಹೊಟ್ಟೆ ತುಂಬ ನಕ್ಕು, "ಪೊರೆ ಬಂದೈತೆ, ತೆಗೆದುಬಿಡೋಣ" ಎಂದರು. ಚೀಟಿಯಲ್ಲಿ ಮಾತ್ರ ಹೀಗೆ ಬರೆದರು: 'ರೋಗಿಗೆ ಮಿಂಚು ಕಾಣುತ್ತದೆ, ಮೋಡ ಇಲ್ಲದಿದ್ದರೆ.'

೩. ಮಾವನ ಎಣಿಕೆ

ಒಂದು ಕಣ್ಣಿನ ಪೊರೆ ತೆಗೆಸಿ, ಹಸಿರು ಪಟ್ಟಿ ಕಟ್ಟಿಕೊಂಡು, ಸುಧಾರಿಸಿಕೊಳ್ಳಲು ಹೆಂಡತಿಯ ಸೋದರಮಾವನ ಊರು ಸಾರಥಿಗೆ ಹೋದೆ. ಮೂರು ವರ್ಷದಿಂದ ನಾನು ಬೆನ್ನುಹತ್ತಿದ್ದ ಆ ಹನ್ನೊಂದು ಸೆಕೆಂಡಿನ ರಾಕೆಟ್ ತುಂಡು ಉರಿದುಬೀಳುವ ಮುನ್ನ ಕೊನೆಯ ಸಲ ಕಾಣುವುದು ಆ ಸಂಜೆಯೇ. ಇನ್ನೊಂದು ಕಣ್ಣೂ ಮಂಜು. ಎಣಿಸುವುದು ಹೇಗೆ? ನನಗೆ ಅಳುವೇ ಬಂತು.

"ನಾ ಎಣಿಸ್ತೀನಿ ಬರ್ರಿ ಅಳಿಯಂದ್ರೇ," ಎಂದರು ಮಾವ. ಜೀವಮಾನವಿಡೀ ಕಣದಲ್ಲಿ ಭತ್ತದ ರಾಶಿ ಅಳೆದವರು. ಕಣದಲ್ಲಿ ರಾಶಿ ಮುಂದೆ ಬಿಡಿಸುವಂತೆಯೇ ನನ್ನ ಚಪ್ಪಲಿ ಬಿಡಿಸಿದರು. "ಯಾರೂ ಮಾತಾಡಬ್ಯಾಡ್ರಿ," ಎಂದು ಮನೆಯವರ ಬಾಯಿ ಮುಚ್ಚಿಸಿದರು. ನಾನು ಗಡಿಯಾರದ ಗುಂಡಿ ಒತ್ತಲು ಸಿದ್ಧನಾದೆ.

"ಲಾಭ..." ಎಂದರು. ರಾಶಿ ಅಳೆಯುವವರು 'ಒಂದು' ಎನ್ನುವುದಿಲ್ಲವಲ್ಲ. "ಎರಡು... ಮೂರು..." ಎರಡೂವರೆ ನಿಮಿಷ, ರೆಪ್ಪೆ ಬಡಿಯಲಿಲ್ಲ. "ಹದಿನೈದು..." ಎಂದವರು ಮರುಕ್ಷಣವೇ "ಹದಿನಾರು!" ಎಂದರು.

ಹನ್ನೊಂದು ಸೆಕೆಂಡಿನ ರಾಕೆಟ್ಟು ಕೊನೆಗಾಲದಲ್ಲಿ ಗತಿ ಬದಲಿಸಿತೇ! ಪುಣ್ಯಾತ್ಮನ ಕೈ ಎರಡೂ ಹಿಡಿದುಕೊಂಡೆ. ಪಟ್ಟಿ ಒಳಗಿನ ಕಣ್ಣೂ ಒದ್ದೆಯಾಯಿತು. "ಮಾವ, ಕೊನೇದು ಅಷ್ಟು ಬೇಗ ಹೆಂಗೆ ಬಂತು?"

"ಅದು ಬಂದಿಲ್ರಿ, ನಾನೇ ಹಾಕಿದ್ದು. ರಾಶಿ ಅಳೆದ ಮ್ಯಾಲೆ ಒಂದು ಕೊಸರೂ ಹಾಕದಂಗೆ ಅಳಿಯಂದ್ರನ್ನ ಕಳಿಸ್ತಾರೇನ್ರಿ?"